ರೋಗಿಯ ಮನೆಯಿಂದ ಎಲ್ಲರ ಮನೆಗೆ

ಮನೆಮಂದಿ ಹೇಗೆ ಮಾತಾಡಿಕೊಂಡರೆ ನೆಮ್ಮದಿ, ಎಂಥ ಮಾತು ಮನಸ್ಸು ಮುರಿಯುತ್ತದೆ ಎಂದು ಇವತ್ತು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಆ ತಿಳಿವಳಿಕೆಯ ಬಹುಪಾಲು ಸುಖೀ ಸಂಸಾರಗಳನ್ನು ನೋಡಿ ಹುಟ್ಟಿದ್ದಲ್ಲ. ಅದು ಬಂದದ್ದು ಮಾನಸಿಕ ಆಸ್ಪತ್ರೆಯ ಬಾಗಿಲಿಂದ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆ ಡಾ. ವಿದ್ಯಾಸಾಗರ್ ಅವರ ಉಸ್ತುವಾರಿಯಲ್ಲಿತ್ತು. ರೋಗಿಗಳು ಕಿಕ್ಕಿರಿದಿದ್ದರು, ನೋಡಿಕೊಳ್ಳುವವರು ಸಾಲುತ್ತಿರಲಿಲ್ಲ. ಅವರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಸಿಬ್ಬಂದಿಯ ಕೊರತೆ ನೀಗಲು ಮಾಡಿದ ಏರ್ಪಾಡದು. ಆದರೆ ಕಾಯಿಲೆಯನ್ನು ಹತ್ತಿರದಿಂದ ನೋಡಿದ ಮನೆಯವರಿಗೆ ಹೆದರಿಕೆ ಕಳೆಯಿತು. ರೋಗಿಯನ್ನು ಅಲ್ಲೇ ಬಿಟ್ಟು ಹೋಗುವ ಬದಲು ಕರೆದುಕೊಂಡು ಹೋದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರೊಬ್ಬರು ರೋಗಿಯ ಜೊತೆ ಇರಬೇಕೆಂಬ ಪದ್ಧತಿ ಇಟ್ಟುಕೊಂಡಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1977ರಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರ ಶುರುವಾಯಿತು.

ಅತ್ತ ಅಮೆರಿಕದಲ್ಲಿ, ಅಮೃತಸರದ ಡೇರೆಗಳ ಕಾಲಕ್ಕೆ, ನಡೆಯುತ್ತಿದ್ದದ್ದು ಮನೆಯವರ ವಿಚಾರಣೆ. ಸ್ಕಿಜೋಫ್ರೇನಿಯಾಕ್ಕೆ ತಾಯಿಯ ನಡವಳಿಕೆಯೇ ಕಾರಣ ಎಂಬರ್ಥದ ಮಾತನ್ನು ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ 1948ರಲ್ಲಿ ಚಲಾವಣೆಗೆ ತಂದರು. ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು 1956ರಲ್ಲಿ ಇನ್ನೊಂದು ವಾದ ಮುಂದಿಟ್ಟರು: ಬಾಯಲ್ಲಿ ಬಾ ಎಂದು, ಮೈಯಲ್ಲಿ ಬೇಡ ಎನ್ನುವ ಮನೆಯಲ್ಲಿ ಮಗು ಇಕ್ಕಟ್ಟಿಗೆ ಸಿಕ್ಕುತ್ತದೆ, ಕಾಯಿಲೆಯ ಬೇರು ಅಲ್ಲಿದೆ. ಕಾಯಿಲೆಯ ಕಾರಣವಾಗಿ ಈ ವಾದಗಳು ನಿಲ್ಲಲಿಲ್ಲ. ಆದರೆ ಒಬ್ಬನನ್ನಲ್ಲ, ಇಡೀ ಮನೆಯನ್ನು ಕೂರಿಸಿಕೊಂಡು ಮಾತಾಡುವ ಕುಟುಂಬ ಚಿಕಿತ್ಸೆ ಈ ಗದ್ದಲದಲ್ಲೇ ಬೆಳೆಯಿತು. ಆ ವರ್ಷಗಳಲ್ಲಿ ಎಷ್ಟು ತಾಯಂದಿರು ತಮ್ಮನ್ನೇ ಹಳಿದುಕೊಂಡರೋ!

ದಾರಿ ತಿರುಗಿದ್ದು ಲಂಡನ್ನಿನಲ್ಲಿ. ಆಸ್ಪತ್ರೆಯಿಂದ ಬಿಡುಗಡೆಯಾಗಿ ತಂದೆತಾಯಿಯ ಅಥವಾ ಹೆಂಡತಿಯ ಮನೆ ಸೇರಿದವರಿಗಿಂತ, ಬಾಡಿಗೆ ಕೋಣೆ ಹಿಡಿದವರೇ ಮೇಲಾಗಿರುವುದನ್ನು ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಗಮನಿಸಿದ್ದರು. ಏಕೆಂದು ತಿಳಿಯಲು ಅವರ ತಂಡ ಮನೆಯವರ ಮಾತನ್ನು ಧ್ವನಿಮುದ್ರಿಸಿಕೊಂಡು, ದನಿಯನ್ನು ಅಳೆಯಿತು. "ಹನ್ನೊಂದಾದರೂ ಎದ್ದಿಲ್ಲ" ಎಂಬ ಮಾತನ್ನೇ ತೆಗೆದುಕೊಳ್ಳಿ. ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಹಲ್ಲು ಕಚ್ಚಿ ಹೇಳಿದರೆ ಅದು ಟೀಕೆ. ಸಂದರ್ಶನದಲ್ಲಿ ಇಂಥ ಟೀಕೆ ಆರು ಮುಟ್ಟಿತೋ, ಆ ಮನೆಯನ್ನು ಕಾವು ಹೆಚ್ಚಿರುವ ಮನೆಯೆಂದು ಗುರುತಿಸುವ ರೂಢಿ ಬಂತು. ಹಗೆಯೂ ಅತಿಯಾದ ಅಂಟಿಕೊಳ್ಳುವಿಕೆಯೂ ಇದೇ ಲೆಕ್ಕಕ್ಕೆ ಬರುತ್ತಿದ್ದವು. ಅಂಥ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಎಂದು 1972 ಮತ್ತು 1976ರ ಅಧ್ಯಯನಗಳು ತೋರಿಸಿದವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಉಪಯುಕ್ತ ಶೋಧ ಇದೇ. ತಾಯಿ ಕೆಟ್ಟವಳು ಎನ್ನುವುದನ್ನು ಬಿಟ್ಟು, ಮಾತಿನ ರೀತಿ ಬದಲಾಯಿಸಬಹುದು ಎನ್ನುವ ಕಡೆಗೆ ಇದು ಹೊರಳಿಸಿತು.

1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನ, ನಮ್ಮಲ್ಲಿ ಹಾಗೆ ಕಾವೇರಿದ ಮನೆಯವರು ನೂರಕ್ಕೆ 23 ಎಂದಿತು. ಲಂಡನ್ನಿನಲ್ಲಿ ಅದು ಹತ್ತಿರ ಹತ್ತಿರ ಅರ್ಧ. ಇದನ್ನು ಅವಿಭಕ್ತ ಕುಟುಂಬಕ್ಕೆ ಸಿಕ್ಕ ಪ್ರಶಸ್ತಿಪತ್ರ ಎಂದು ಭಾಷಣ ಮಾಡುವವರಿದ್ದಾರೆ. ಅದೇ ಅಧ್ಯಯನದಲ್ಲಿ ಹಳ್ಳಿಗಿಂತ ಪಟ್ಟಣದಲ್ಲಿ ಕಾವು ಬಹಳ ಹೆಚ್ಚಿತ್ತು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಆರೋಗ್ಯವಂತರ ಮನೆಗೆ ಇಂಥ ಅಳತೆಗೋಲು ಬಂದದ್ದು ಆಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡಹೆಂಡಿರ ಜಗಳವನ್ನು ವಿಡಿಯೊದಲ್ಲಿ ಹಿಡಿದು, ಟೀಕೆ, ತಾತ್ಸಾರ, ಸಮರ್ಥನೆ, ಮೌನ ಎಂಬ ನಾಲ್ಕನ್ನು ಬೇರ್ಪಡಿಸಿದರು. ದಾಂಪತ್ಯ ಮುರಿಯುವಲ್ಲಿ ತಾತ್ಸಾರದ್ದೇ ದೊಡ್ಡ ಕೈ ಎಂದರು. ಕಣ್ಣು ಮೇಲೆತ್ತಿ ನಗುವ ಗಂಡನನ್ನು ಕಂಡ ಯಾರಿಗೂ ಇದು ಹೊಸತಲ್ಲ. ಜಗಳವಾಡಬೇಡಿ ಎಂದು ಅವರು ಹೇಳಲಿಲ್ಲ ಎಂಬುದೇ ಹೊಸತು.

ಕನ್ನಡದ ಓದುಗರಿಗೆ ಈ ವಿಷಯ ತಂದವರು ಬಹುತೇಕ ವೈದ್ಯರು. 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಡಾ. ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ' ಹೊಸ ಜೋಡಿಗಳ ಕೈಗೆ ಬಂತು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಮನೋವೈದ್ಯಕೀಯವನ್ನು ಕನ್ನಡದ ದಿನಬಳಕೆಯ ಮಾತಿಗೆ ಇಳಿಸಿದರು. 2022ರ ಅಕ್ಟೋಬರ್ 10ರಿಂದ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ, ಕನ್ನಡದಲ್ಲೇ.

ಆರೈಕೆ ಮಾಡುವವರ ಆರೋಗ್ಯವನ್ನು ಮಾತ್ರ ಈ ಕ್ಷೇತ್ರ ತಡವಾಗಿ ಕೇಳಿತು. ಡೇರೆಯ ಕಾಲದಿಂದಲೂ ಕುಟುಂಬ ಎಂದರೆ ಪುಕ್ಕಟೆ ದಾದಿ. ಆ ದಾದಿ ಹೆಚ್ಚಾಗಿ ತಾಯಿ, ಹೆಂಡತಿ, ಸೊಸೆ. ಅವಳ ನಿದ್ದೆ, ಅವಳ ಬೆನ್ನುನೋವು, ಬಿಟ್ಟ ಕೆಲಸ ಯಾವ ಕೇಸ್ ಶೀಟಿಗೂ ಏರುತ್ತಿರಲಿಲ್ಲ. ಹೊಡೆಯುವ ಮನೆಯಲ್ಲಿ ಹೊಂದಾಣಿಕೆಯ ಪಾಠವೂ ಕೆಲಸಕ್ಕೆ ಬಾರದು. ಆ ಕಾರಣಕ್ಕೇ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯನ್ನೂ ನಾನು ಈ ಚರಿತ್ರೆಯೊಳಗೇ ಸೇರಿಸುತ್ತೇನೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮನೆಯವರ ಹಿಡಿತವನ್ನು ಸಡಿಲಿಸಿತು: ತನ್ನ ಪರವಾಗಿ ಯಾರು ನಿಲ್ಲಬೇಕೆಂದು ವ್ಯಕ್ತಿಯೇ ಹೆಸರಿಸಬಹುದು, ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ. ಕುಟುಂಬವನ್ನು ಬದಿಗೆ ಸರಿಸಿದರೆ ನಮ್ಮಲ್ಲಿ ಚಿಕಿತ್ಸೆಯೇ ನಡೆಯದು ಎಂದು ಹಲವು ಮನೋವೈದ್ಯರು ಆಕ್ಷೇಪಿಸಿದರು. ಆದರೆ ಗಂಡನ ಮನೆಯವರು ಸೇರಿಸಿ ತಿರುಗಿ ನೋಡದ ಹೆಂಗಸರ ಕಡತಗಳೂ ಮಾನಸಿಕ ಆಸ್ಪತ್ರೆಗಳಲ್ಲಿವೆ. ಮನೆಯವರು ಸೇರಿಸಿಕೊಳ್ಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 19ನೇ ಕಲಂ. ಅಂಥವರಿಗೆ ಬೇಕಾದಷ್ಟು ಆಶ್ರಯಮನೆಗಳನ್ನು ಸರ್ಕಾರಗಳು ಇನ್ನೂ ಕಟ್ಟಿಲ್ಲ.