ಪ್ಲೇಗಿನ ಪುಣೆ ಮತ್ತು ಇಬ್ಬರು ತಾಯಂದಿರು

ಬರ, ನೆರೆ, ಸಾಂಕ್ರಾಮಿಕ ರೋಗ ಯಾವುದೇ ಬರಲಿ, ಪರಿಹಾರ ಎಂದಾಗ ನಮಗೆ ಮೊದಲು ನೆನಪಾಗುವುದು ಅನ್ನ, ಬಟ್ಟೆ, ಸೂರು. ಆದರೆ ಬಸಿರು, ಬಾಣಂತನ, ಮುಟ್ಟು ಇವು ಆಪತ್ಕಾಲವೆಂದು ನಿಲ್ಲುವುದಿಲ್ಲ. ಈ ಮಾತನ್ನು ನೂರಿಪ್ಪತ್ತು ವರ್ಷಗಳ ಹಿಂದೆಯೇ ಅರಿತಿದ್ದ ಇಬ್ಬರು ಹೆಂಗಸರು ನಾವು ಬದುಕುತ್ತಿರುವ ಈ ಪುಣೆಯಲ್ಲೇ ಇದ್ದರು ಎಂಬುದು ನನಗೆ ಹೆಮ್ಮೆಯ ವಿಷಯ.

ಮೊದಲನೆಯವರು ಸಾವಿತ್ರಿಬಾಯಿ ಫುಲೆ. ಬಸಿರಾದ ವಿಧವೆಯರಿಗೆ ಆತ್ಮಹತ್ಯೆ ಇಲ್ಲವೇ ಶಿಶುಹತ್ಯೆ ಬಿಟ್ಟು ಬೇರೆ ದಾರಿಯಿಲ್ಲದ ಕಾಲದಲ್ಲಿ, 1863ರಲ್ಲಿ, ಪತಿ ಜ್ಯೋತಿಬಾ ಅವರೊಡನೆ ಶಿಶುಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಅಲ್ಲಿ ಗುಟ್ಟಾಗಿ, ಸುರಕ್ಷಿತವಾಗಿ ಹೆರಿಗೆ ಆಗುತ್ತಿತ್ತು. ಹಾಗೆ ಆಶ್ರಯಕ್ಕೆ ಬಂದ ವಿಧವೆಯೊಬ್ಬಳ ಮಗುವನ್ನೇ ದತ್ತು ಪಡೆದರು. ಆ ಯಶವಂತ ಮುಂದೆ ವೈದ್ಯನಾದ. 1897ರ ಪ್ಲೇಗಿನಲ್ಲಿ ತಾಯಿ ಮಗ ಸೇರಿ ಹಡಪ್ಸರದ ಬಳಿ ರೋಗಿಗಳ ಆರೈಕೆ ಮಾಡಿದರು. ಸೋಂಕು ತಗುಲಿದ ಬಾಲಕನೊಬ್ಬನನ್ನು ಹೊತ್ತು ತಂದ ಸಾವಿತ್ರಿಬಾಯಿ ತಾವೇ ರೋಗಕ್ಕೆ ಸಿಕ್ಕಿ, ಮಾರ್ಚ್ 10ರಂದು ತೀರಿಕೊಂಡರು.

ಅದೇ ಮಾರ್ಚ್‌ನಲ್ಲಿ ರ‍್ಯಾಂಡ್ ಸಾಹೇಬನ ಪ್ಲೇಗ್ ಸಮಿತಿ ಸೈನಿಕರಿಂದ ಮನೆ ಮನೆ ಶೋಧ ಆರಂಭಿಸಿತು. ಪ್ಲೇಗಿನ ಗಡ್ಡೆ ಏಳುವುದು ಕಂಕುಳು, ತೊಡೆಸಂದುಗಳಲ್ಲಿ. ಅದನ್ನು ಹುಡುಕುವುದೆಂದರೆ ಹೆಣ್ಣಿಗೆ ಏನಾಗಿರಬಹುದು ಎಂದು ನಾವೇ ಊಹಿಸಬಹುದು. ಮಾನ ಹೋಗುವ ಭಯಕ್ಕೆ ಜನ ರೋಗಿಗಳನ್ನೇ ಬಚ್ಚಿಟ್ಟರು. ರೋಗ ತಡೆಯುವ ಕೆಲಸಕ್ಕೂ ಅದರಿಂದ ಪೆಟ್ಟು ಬಿತ್ತು. ಚಾಪೇಕರ್ ಸಹೋದರರು ಜೂನ್ 22ರಂದು ಗಣೇಶಖಿಂಡ್ ರಸ್ತೆಯಲ್ಲಿ ರ‍್ಯಾಂಡ್‌ನಿಗೆ ಗುಂಡಿಟ್ಟ ಕಥೆ ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇನ್ನೊಬ್ಬಾಕೆಯ ಲೇಖನಿ. ಆಕೆ ಪಂಡಿತಾ ರಮಾಬಾಯಿ, ನಮ್ಮ ಕರ್ನಾಟಕದವರೇ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. 1858ರಲ್ಲಿ ಆಕೆ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹಸಿವಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಹುಡುಗಿ. ಪುಣೆಗೆ ಬಂದು 1882ರಲ್ಲಿ ಹಂಟರ್ ಆಯೋಗದ ಮುಂದೆ, ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು, ಇಲ್ಲದಿದ್ದರೆ ಸಂಕೋಚಕ್ಕೇ ಪ್ರಾಣ ಹೋಗುತ್ತದೆ ಎಂಬ ಅರ್ಥದ ಸಾಕ್ಷ್ಯ ನುಡಿದರು. ಪ್ಲೇಗ್ ಶಿಬಿರಗಳಲ್ಲಿ ಯುವತಿಯರಿಗೆ ರಕ್ಷಣೆಯಿಲ್ಲವೆಂದು 1897ರ ಮೇ ತಿಂಗಳಲ್ಲಿ ಪತ್ರಿಕೆಗೆ ಬರೆದರು. ಸರ್ಕಾರ ಅಲ್ಲಗಳೆಯಿತು, ಆಕೆ ಹಿಂಜರಿಯಲಿಲ್ಲ. ಅದೇ ಹೊತ್ತಿಗೆ ಮಧ್ಯ ಪ್ರಾಂತ್ಯದ ಬರಗಾಲದ ಶಿಬಿರಗಳಲ್ಲಿ ತುತ್ತಿಗಾಗಿ ಹುಡುಗಿಯರು ದುರುಳರ ಪಾಲಾಗುವುದನ್ನು ಕಣ್ಣಾರೆ ಕಂಡು, ನೂರಾರು ಮಂದಿಯನ್ನು ಕರೆತಂದು ಕೇಡಗಾಂವ್‌ನ 'ಮುಕ್ತಿ'ಯಲ್ಲಿ ನೆಲೆ ಕೊಟ್ಟರು. ಕಲಬುರಗಿ ಕಡೆಗೆ ರೈಲಿನಲ್ಲಿ ಹೋಗುವವರು ದೌಂಡ್‌ಗೆ ಮೊದಲು ಈ ನಿಲ್ದಾಣ ದಾಟುತ್ತೀರಿ.

ಮಹಿಳೆಯರ ಸಂತಾನ ಆರೋಗ್ಯವನ್ನು ಹಕ್ಕೆಂದು ಜಗತ್ತು ಎತ್ತಿ ಹಿಡಿದದ್ದು 1994ರ ಕೈರೋ ಸಮ್ಮೇಳನದಲ್ಲಿ. ಆ ಬಳಿಕ ವಿಪತ್ತಿನ ಮೊದಲ ದಿನಗಳಲ್ಲೇ ಲೈಂಗಿಕ ಹಿಂಸೆ ತಡೆಯಬೇಕು, ಶುಚಿಯಾದ ಹೆರಿಗೆಗೆ ಏರ್ಪಾಡಾಗಬೇಕು, ಸೋಂಕು ಹರಡದಂತೆ ನೋಡಬೇಕು ಎಂಬ ನಿಯಮಗಳು ರೂಪುಗೊಂಡವು. ಸಾವಿತ್ರಿಬಾಯಿಯ ಹೆರಿಗೆಮನೆ, ರಮಾಬಾಯಿಯ ಪತ್ರ ಎರಡರಲ್ಲೂ ಇದರ ಬೀಜ ನನಗೆ ಕಾಣುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಸಾಂಗ್ಲಿಯಿಂದ ಬಾಗಲಕೋಟೆವರೆಗೆ ಊರುಗಳು ಮುಳುಗಿದವು. ಮತ್ತೆ ಮಳೆಗಾಲ ಬರುತ್ತದೆ, ನಮ್ಮ ಸಂಘವೂ ನೆರವಿಗೆ ನಿಲ್ಲುತ್ತದೆ. ಆಗ ಅಕ್ಕಿ, ಸೀರೆಯ ಜೊತೆಗೆ ಪ್ಯಾಡು, ಒಳಉಡುಪು, ಕೂಸಿಗೆ ಮೆತ್ತನೆಯ ಬಟ್ಟೆಯೂ ಹೋಗಲಿ. ಶಿಬಿರದಲ್ಲಿ ತುಂಬು ಬಸುರಿಯರು ಎಷ್ಟು ಮಂದಿ, ಶೌಚಾಲಯಕ್ಕೆ ಚಿಲಕವಿದೆಯೇ, ರಾತ್ರಿ ದೀಪವಿದೆಯೇ ಎಂದು ಫೋನು ಮಾಡಿ ಕೇಳೋಣ. ಈ ಪ್ರಶ್ನೆಗಳನ್ನು ಹೆಂಗಸರಾದ ನಾವು ಕೇಳದಿದ್ದರೆ ಇನ್ಯಾರು ಕೇಳಬೇಕು?