ಶಾನುಭೋಗರ ಕಡತದಿಂದ ನಾಡಕಚೇರಿಯ ಪರದೆಯವರೆಗೆ

ಕೊಡಿಗೇನಹಳ್ಳಿ ಮಧುಗಿರಿ ತಾಲ್ಲೂಕಿನ ಗಡಿ ಹೋಬಳಿ. ಆಚೆಗೆ ಆಂಧ್ರದ ಪರಿಗಿ, ಹಿಂದೂಪುರ. ಈಚೆಗೆ ಜಯಮಂಗಲಿಯ ಮರಳು, ಮೈದನಹಳ್ಳಿಯ ಕೃಷ್ಣಮೃಗಗಳ ಬಯಲು. ಮನೆಯಲ್ಲಿ ತೆಲುಗು ಮಾತು, ಕಚೇರಿಯಲ್ಲಿ ಕನ್ನಡ ಬರಹ ಎಂಬ ಸಂಸಾರಗಳು ಈ ಸೀಮೆಯಲ್ಲಿ ಕಡಿಮೆಯೇನಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಊರೂರಲ್ಲೂ ಅದೇ ಮಾತು. ಆ ಮಕ್ಕಳ ಅಪ್ಪ ಅಮ್ಮ, ಅಜ್ಜ ಅಜ್ಜಿ ಏನು ಕಲಿತರು ಎಂಬುದು ಮಾತ್ರ ಯಾವ ಪಟ್ಟಿಗೂ ಬರುವುದಿಲ್ಲ. ಆದರೆ ಪಿಂಚಣಿ, ಪಡಿತರ, ಪಹಣಿ, ಉದ್ಯೋಗ ಖಾತ್ರಿಯ ಕೂಲಿ, ಗೃಹಲಕ್ಷ್ಮಿಯ ಹಣ ಎಲ್ಲವೂ ಇರುವುದು ಈ ಹಿರಿಯರ ಹೆಸರಿನಲ್ಲಿ. ಎಲ್ಲವೂ ಸಾಗುವುದು ಅಂತರ್ಜಾಲದ ದಾರಿಯಲ್ಲಿ. ಅವರಿಗೆ ಆ ದಾರಿ ತಿಳಿಯದಿರುವುದನ್ನು ಮೊಬೈಲ್ ಕಾಲದ ಹೊಸ ತೊಂದರೆ ಎಂದು ಹೇಳುವುದು ರೂಢಿ. ಹೋಬಳಿಯ ಲೆಕ್ಕಪತ್ರಗಳ ಚರಿತ್ರೆ ಬೇರೆಯದನ್ನೇ ತೋರಿಸುತ್ತದೆ. ದಾಖಲೆ ಬರೆಯುವ ಸಾಧನ ಬದಲಾದಾಗಲೆಲ್ಲ ಸರ್ಕಾರ ಸಾಧನಕ್ಕೆ ಹಣ ಹಾಕಿತು. ಅದನ್ನು ಓದಬೇಕಾದ ವಯಸ್ಕರಿಗೆ ಕಲಿಸುವುದಕ್ಕೆ ಹಾಕಿದ್ದು ಅಲ್ಪ, ಅದೂ ಕೆಲವೇ ದಿನಗಳ ಮಟ್ಟಿಗೆ. ಇಂದಿನ ಡಿಜಿಟಲ್ ಅನಕ್ಷರತೆ ಆ ಹಳೆಯ ಸಾಲದ ಬಾಕಿ.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ ಮಾಡಿದ ಕಡತದ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲವೂ ಇತ್ತು. ಕಾಗದದ ಖಾತೆ ಪುಸ್ತಕ ಬಂದ ಮೇಲೂ ರೈತನ ಪಾಲಿಗೆ ಹೆಚ್ಚು ವ್ಯತ್ಯಾಸವಾಗಲಿಲ್ಲ. ತನ್ನ ಹೊಲದ ವಿಸ್ತೀರ್ಣ, ಕಂದಾಯದ ಬಾಕಿ, ಹಿಸ್ಸೆಯ ಗಡಿ ಇವನ್ನೆಲ್ಲ ಅವನು ಇನ್ನೊಬ್ಬರ ಬಾಯಿಂದಲೇ ಕೇಳಬೇಕಿತ್ತು. ಒಳ್ಳೆಯ ಶಾನುಭೋಗರು ಊರಿಗೆ ದೊಡ್ಡ ಆಸರೆಯಾಗಿದ್ದರು, ನಿಜ. ಅವರು ಒಳ್ಳೆಯವರೇ ಎಂದು ತಿಳಿಯುವ ಉಪಾಯ ಮಾತ್ರ ಓದು ಬಾರದವರ ಬಳಿ ಇರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ, ತೋಟಿ, ತಳವಾರರ ವಂಶಪಾರಂಪರ್ಯ ಹುದ್ದೆಗಳು ಹೋದವು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಅಧಿಕಾರ ಒಂದು ಮನೆತನದಿಂದ ಬಿಡುಗಡೆಯಾದದ್ದು ದೊಡ್ಡ ಬದಲಾವಣೆಯೇ. ಪುಸ್ತಕ ಓದುವ ಬಲ ಮಾತ್ರ ರೈತನ ಕೈಗೆ ಬರಲಿಲ್ಲ, ಏಕೆಂದರೆ ಕಾಯ್ದೆಯ ಜೊತೆಗೆ ಶಾಲೆ ಬರಲಿಲ್ಲ.

ವಯಸ್ಕರಿಗೆ ಕಲಿಸುವ ಪ್ರಯತ್ನಗಳು ಇಲ್ಲಿ ನಡೆಯಲೇ ಇಲ್ಲ ಎನ್ನುವಂತಿಲ್ಲ. 1940ರ ದಶಕದಲ್ಲಿ ಮೈಸೂರಿನಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿಯ ಕೆಲಸ ಇಂದಿಗೂ ಪಾಠ ಹೇಳುವಂಥದ್ದು. ಅಕ್ಷರ ಕಲಿತವರು ಓದಲು ಏನೂ ಸಿಗದಿದ್ದರೆ ಮತ್ತೆ ಮರೆಯುತ್ತಾರೆ ಎಂಬುದನ್ನು ಅದು ಬೇಗ ಗ್ರಹಿಸಿತು. ಆದ್ದರಿಂದಲೇ ಹೊಸ ಓದುಗರಿಗಾಗಿ ಕಿರುಪುಸ್ತಕಗಳು, ‘ಬೆಳಕು’ ಪತ್ರಿಕೆ, ಹಳ್ಳಿಯ ವಾಚನಾಲಯಗಳು ಬಂದವು. ನಂಜನಗೂಡಿನಲ್ಲಿ ವಿದ್ಯಾಪೀಠ ಶುರುವಾಯಿತು. ಮುಂದಿನ ಕಾರ್ಯಕ್ರಮಗಳು ಈ ತಾಳ್ಮೆಯನ್ನು ಉಳಿಸಿಕೊಳ್ಳಲಿಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, ಆಮೇಲೆ ಜಿಲ್ಲೆ ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ, 2009ರಲ್ಲಿ ಸಾಕ್ಷರ ಭಾರತ. ಆಂದೋಲನದ ದಿನಗಳ ಕಲಾಜಾಥಾಗಳಲ್ಲಿ ನಿಜವಾದ ಹುರುಪಿತ್ತು. ದಿನವೆಲ್ಲ ದುಡಿದ ಹೆಂಗಸರು ರಾತ್ರಿ ದೀಪದ ಮುಂದೆ ಕುಳಿತು ಅಕ್ಷರ ತಿದ್ದಿದರು, ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದರು. ಪರೀಕ್ಷೆ, ಘೋಷಣೆ ಮುಗಿಯುತ್ತಿದ್ದಂತೆ ತರಗತಿಗಳು ಬರಿದಾದವು. ಸಾಕ್ಷರ ಭಾರತ 2018ರ ಮಾರ್ಚಿಗೆ ನಿಂತಾಗ ಅದರ ಕಲಿಕಾ ಕೇಂದ್ರಗಳನ್ನು ನಡೆಸುತ್ತಿದ್ದ ಪ್ರೇರಕರ ಕೆಲಸವೂ ನಿಂತಿತು. ಸಹಿ ಕಲಿತ ಅದೇ ತಲೆಮಾರು ಈಗ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಮತ್ತೆ ಬೆರಳೊತ್ತುತ್ತಿದೆ. ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳ ಗೆರೆಗಳನ್ನು ಯಂತ್ರ ಗುರುತಿಸದಿದ್ದರೆ ಮುಂದೇನು ಮಾಡಬೇಕೆಂದು ಅವರಿಗೆ ಯಾರೂ ಪಾಠ ಮಾಡಿಲ್ಲ.

ಇಷ್ಟರಲ್ಲಿ ‘ಭೂಮಿ’ ಬಂದಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಮುಂದೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರ, ಅದರ ತರುವಾಯ ಅಟಲ್‌ಜೀ ಜನಸ್ನೇಹಿ ಕೇಂದ್ರವಾದ ನಾಡಕಚೇರಿ, ಪಂಚಾಯಿತಿ ಮಟ್ಟದಲ್ಲಿ ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್. ಅಲೆದಾಟ ತಪ್ಪಿತು, ಲಂಚದ ಒಂದು ಬಾಗಿಲು ಮುಚ್ಚಿತು. ಈ ಸಾಧನೆಯನ್ನು ಸಣ್ಣದು ಮಾಡುವುದು ಅನ್ಯಾಯ. ಭೂಮಿ ಕೇಂದ್ರಗಳಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು. ಸಿಬ್ಬಂದಿಯ ಮುಂದೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂದು ರೈತನೂ ನೋಡಲಿ ಎಂಬುದು ಅದರ ಉದ್ದೇಶ. ಯೋಚನೆ ಅಲ್ಲಿಯವರೆಗೆ ಬಂದು ನಿಂತಿತು. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರಿರುತ್ತದೆ, 11ರಲ್ಲಿ ಸಾಲ ಮತ್ತು ಇತರ ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಸಾಲ ತೀರಿಸಿದ ಮೇಲೂ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಹೊಸ ಸಾಲಕ್ಕೂ ಮಾರಾಟಕ್ಕೂ ತೊಡಕು. ಇದನ್ನು ಹೇಳಿಕೊಡಲು ಒಂದು ಸಂಜೆ ಸಾಕು. ಪಹಣಿಯ ವಿಸ್ತೀರ್ಣದಲ್ಲಿ 1.20 ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ದಶಾಂಶ ಕಲಿತ ಕಾಲೇಜು ಹುಡುಗ ತಪ್ಪಬಹುದು, 40 ಗುಂಟೆಯ ಲೆಕ್ಕ ಬಾಯಲ್ಲಿರುವ ಅಜ್ಜ ತಪ್ಪುವುದಿಲ್ಲ. ವಯಸ್ಕ ಕಲಿಯುವವನು ಹೀಗೆ ಅರ್ಧ ಪಾಠ ಬಲ್ಲವನಾಗಿಯೇ ಬರುತ್ತಾನೆ. ಎರಡನೇ ಪರದೆಗೆ ಖರ್ಚು ಮಾಡಿದ ವ್ಯವಸ್ಥೆ ಆ ಒಂದು ಸಂಜೆಯ ಪಾಠವನ್ನು ಯಾರ ಕೆಲಸವೆಂದೂ ಗೊತ್ತುಪಡಿಸಲಿಲ್ಲ.

ಕಲಿಸಲೆಂದೇ ಬಂದ ಯೋಜನೆ 2017ರ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ. ಆರು ಕೋಟಿ ಗ್ರಾಮೀಣ ಮನೆಗಳಿಂದ ಮನೆಗೊಬ್ಬರಂತೆ 20 ಗಂಟೆಯ ತರಬೇತಿ, ಕೊನೆಗೆ ಪರೀಕ್ಷೆ, ಪ್ರಮಾಣಪತ್ರ. 2024ರ ಮಾರ್ಚಿಗೆ ಮುಗಿಯುವ ಹೊತ್ತಿಗೆ ಗುರಿ ದಾಟಿತು. ಆದರೆ ಅದರ ವಯಸ್ಸಿನ ಮಿತಿ 14ರಿಂದ 60. ವೃದ್ಧಾಪ್ಯ ವೇತನ ಪಡೆಯುವ ವಯಸ್ಸು ಬರುತ್ತಿದ್ದಂತೆಯೇ ಕಲಿಯುವ ಅರ್ಹತೆ ಮುಗಿಯುತ್ತಿತ್ತು. ಮನೆಗೊಬ್ಬರು ಎಂದರೆ ಸಾಮಾನ್ಯವಾಗಿ ಓದಿದ ಮಗನೋ ಮಗಳೋ ಮುಂದಾಗುತ್ತಾರೆ. ಅಮ್ಮನ ಸರದಿ ಬರುವುದು ಕಷ್ಟ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹಳ್ಳಿಗಳಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಹೆಂಗಸರು ಸುಮಾರು ನಾಲ್ವರಲ್ಲಿ ಒಬ್ಬರು. ಅದೂ 15ರಿಂದ 49 ವಯಸ್ಸಿನವರ ಲೆಕ್ಕ. ಅದಕ್ಕಿಂತ ಹಿರಿಯ ಹೆಂಗಸರಿಗೆ ಆ ಸಮೀಕ್ಷೆ ಈ ಪ್ರಶ್ನೆ ಕೇಳಿಯೇ ಇಲ್ಲ.

ಗ್ರಾಮ ಒನ್‌ನಲ್ಲಿ ಹುಡುಗರಿದ್ದಾರೆ, ಮನೆಯಲ್ಲಿ ಮೊಮ್ಮಗ ಇದ್ದಾನೆ, ಮುದುಕರಿಗೆ ಯಾಕೆ ಈ ತಾಪತ್ರಯ ಎಂದು ಕೇಳುವವರಿದ್ದಾರೆ. ನೆರವು ಪಡೆಯುವುದು ತಪ್ಪಲ್ಲ. ವಕೀಲರು, ವೈದ್ಯರು ಇರುವುದೂ ನೆರವಿಗೇ. ಆದರೆ ಓಟಿಪಿಯ ಆರು ಅಂಕಿಗಳನ್ನು ಇನ್ನೊಬ್ಬರಿಗೆ ಓದಿ ಹೇಳುವುದೆಂದರೆ ತಿಜೋರಿಯ ಬೀಗದ ಕೈ ಕೊಡುವುದು. ಕೊಡುವವರಿಗೆ ಅದು ಬೀಗದ ಕೈ ಎಂದಾದರೂ ತಿಳಿದಿರಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬಂದ ಸಂದೇಶವನ್ನು ತಾನೇ ಓದಿಕೊಳ್ಳಲಾರದ ಹೆಂಗಸಿಗೆ ಹಣ ಬಂದಿದೆ ಎಂದು ಗೊತ್ತಾಗುವುದು ಮನೆಯವರು ಹೇಳಿದರೆ ಮಾತ್ರ. ಇನ್ನು ಕೆಲವರ ವಾದ, ಫೋನು ಈಗ ಮಾತಿಗೇ ಉತ್ತರ ಕೊಡುತ್ತದೆ, ಅಕ್ಷರದ ಹಂಗಿಲ್ಲ ಎಂಬುದು. ಧ್ವನಿಯಿಂದ ಉಪಕಾರ ಬಹಳ, ಮನೆಮಾತು ತೆಲುಗಾಗಿರುವವರಿಗಂತೂ ಇನ್ನೂ ಹೆಚ್ಚು. ಆದರೆ ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎನ್ನುವ ಮೋಸಗಾರನ ಕರೆ ಬರುವುದೂ ಧ್ವನಿಯಲ್ಲೇ. ಯಾವುದನ್ನು ನಂಬಬೇಕು, ಎಲ್ಲಿ ಒತ್ತಬಾರದು ಎಂಬ ವಿವೇಚನೆಯೇ ಇಲ್ಲಿ ಮುಖ್ಯ ಪಾಠ. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವ ವಾದ ಮೂರನೆಯದು: ಇನ್ನೊಂದು ತಲೆಮಾರು ಕಳೆದರೆ ಎಲ್ಲರೂ ಕಲಿತವರೇ ಆಗಿರುತ್ತಾರೆ. ಮಕ್ಕಳೆಲ್ಲ ಶಾಲೆಗೆ ಹೋದರೆ ಅನಕ್ಷರತೆ ತಾನಾಗಿ ಅಳಿಯುತ್ತದೆ ಎಂಬ ನಂಬಿಕೆ ಹಿಂದೆಯೂ ಇತ್ತು. ಆಗ ಶಾಲೆಗೆ ಹೋಗಿ ಏಳನೇ ತರಗತಿ ಮುಗಿಸಿದವರೇ ಇಂದು ಉದ್ಯೋಗ ಖಾತ್ರಿ ಹಾಜರಿಯ ಆ್ಯಪಿನಲ್ಲಿ ತಮ್ಮ ಹೆಸರು ಏರಿದೆಯೇ ಎಂದು ಇನ್ನೊಬ್ಬರನ್ನು ಕೇಳುತ್ತಿದ್ದಾರೆ. ಸಾಧನ ಬದಲಾಗುತ್ತಲೇ ಇರುವವರೆಗೆ ಹೊಸ ಅನಕ್ಷರಸ್ಥರು ಹುಟ್ಟುತ್ತಲೇ ಇರುತ್ತಾರೆ. ಆದ್ದರಿಂದ ವಯಸ್ಕರ ಕಲಿಕೆ ಅವಧಿ ಮುಗಿದರೆ ಮುಚ್ಚುವ ಯೋಜನೆಯಾಗಿರಲು ಸಾಧ್ಯವಿಲ್ಲ. ಅದು ಅಂಚೆ ಕಚೇರಿಯಂತೆ ಸದಾ ತೆರೆದಿರಬೇಕು.

ಅದಕ್ಕೆ ಬೇಕಾದ ಜಾಗ ಈಗಾಗಲೇ ಇದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ 2020ರ ‘ಓದುವ ಬೆಳಕು’ ಅಭಿಯಾನ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಈಗ ಅವು ಅರಿವು ಕೇಂದ್ರಗಳು. ಹಲವು ಕಡೆ ಕಂಪ್ಯೂಟರು, ಇಂಟರ್‌ನೆಟ್ಟು ಬಂದಿವೆ. ಬಹುಕಾಲ ಗೌರವಧನದ ಮೇಲೆ ಅರೆಕಾಲಿಕವಾಗಿ ದುಡಿದ ಮೇಲ್ವಿಚಾರಕರೇ ಅವನ್ನು ನಡೆಸಿಕೊಂಡು ಬಂದಿದ್ದಾರೆ. 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮ ಡಿಜಿಟಲ್ ತಿಳಿವಳಿಕೆಯನ್ನು ತನ್ನ ಪಾಠದೊಳಗೇ ಸೇರಿಸಿಕೊಂಡಿದೆ. ಅದರ ಅವಧಿ 2027ರವರೆಗೆ. ಕೊಡಿಗೇನಹಳ್ಳಿ ಹೋಬಳಿಯ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಲಿ: ಅರಿವು ಕೇಂದ್ರದಲ್ಲಿ ವಾರಕ್ಕೆ ಎರಡು ಸಂಜೆ ಹಿರಿಯರಿಗೆ ಮೀಸಲು, ಪಾಠಕ್ಕೆ ಅವರವರ ಪಹಣಿ, ಅವರವರ ಪಾಸ್‌ಬುಕ್, ಅವರವರ ಫೋನು, ವಿವರಣೆ ಕನ್ನಡದಲ್ಲೂ ತೆಲುಗಿನಲ್ಲೂ, ಕಲಿಸುವವರ ಸಂಜೆಯ ದುಡಿಮೆಗೆ ಸಂಬಳ. 60 ದಾಟಿದವರ ಹೆಸರನ್ನು ಮೊದಲು ಬರೆದುಕೊಳ್ಳಲಿ. ಓದುವ ನೀವೂ ಆ ಸಭೆಗೆ ಹೋಗಿ ಇದನ್ನು ಕೇಳಿ. ಕೇಳದ ಬೇಡಿಕೆ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರುವುದಿಲ್ಲ.