ಹೆಸರು ಒಂದೇ, ಕಾರು ಬೇರೆ: ಅಮೆರಿಕ, ಗಲ್ಫ್, ಊರು – ಹೊಸ ಕಾರು ನೋಡುತ್ತಿರುವವರಿಗೆ ಒಂದಿಷ್ಟು ಮಾಹಿತಿ

ಹಿಕ್ಸ್‌ವಿಲ್ (ನ್ಯೂಯಾರ್ಕ್): ಶಾರ್ಜಾದಲ್ಲಿರುವ ನನ್ನ ಚಿಕ್ಕಮ್ಮನ ಮಗ ಒಂದು ರಾತ್ರಿ ವಾಟ್ಸಪ್‌ನಲ್ಲಿ ನಾಲ್ಕು ಫೋಟೋ ಕಳಿಸಿದ. ಬಿಳಿ ಸೆಡಾನ್, ಒಂದೇ ವರ್ಷ ಹಳೆಯದು, ಶೋರೂಮಿನಿಂದ ಈಗಷ್ಟೇ ಇಳಿದ ಹಾಗೆ ಹೊಳೆಯುತ್ತಿತ್ತು. "ಅಣ್ಣ, ಶೋರೂಮ್ ರೇಟಿಗಿಂತ ಮೂರನೇ ಒಂದು ಭಾಗ ಕಡಿಮೆ. ಅಮೆರಿಕನ್ ಸ್ಪೆಕ್. ನಿಮ್ಮಲ್ಲಿ ಈ ಕಾರು ಹೇಗೆ? ಎಂಜಿನ್ ಒಳ್ಳೆದಾ?" ಎಂದು ಕೇಳಿದ. ಕೊಡಬೇಕೆಂದಿದ್ದ ದುಡ್ಡು ಅವನ ಎರಡು ವರ್ಷದ ಉಳಿತಾಯ. ಊರಿನ ಮನೆಯ ಎರಡನೇ ಮಾಳಿಗೆಗೆ ಇಟ್ಟದ್ದು.

ನಾನು ಮೊದಲು ದುಬೈಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವನು, ಈಗ ಲಾಂಗ್ ಐಲ್ಯಾಂಡಿನ ಈ ಊರಿನಲ್ಲಿ ಅದೇ ಕೆಲಸ. ಮೆಕ್ಯಾನಿಕ್ ಅಲ್ಲ. ಆದರೆ ಕಾರಿನ ಲೆಕ್ಕ ಹಲವರಿಗೆ ಮಾಡಿಕೊಟ್ಟಿದ್ದೇನೆ. ಅದರಿಂದ ಕಲಿತದ್ದು ಒಂದೇ ಮಾತು: ಕಾರಿನ ರೂಪ, ಎಂಜಿನ್, ಸೌಲಭ್ಯ ಈ ಮೂರೂ ಒಂದು ದೇಶದ ಕಾನೂನು, ಹವೆ, ಪೆಟ್ರೋಲ್ ರೇಟಿಗೆ ತಕ್ಕಂತೆ ಮಾಡಿದವು. ಹಿಕ್ಸ್‌ವಿಲ್‌ನಲ್ಲಿ ಒಳ್ಳೆಯ ಕಾರು ಶಾರ್ಜಾದಲ್ಲಿ ಒಳ್ಳೆಯದಾಗಬೇಕೆಂದಿಲ್ಲ. ಶಾರ್ಜಾದ್ದು ಉಡುಪಿಗೆ ಹೊಂದಬೇಕೆಂದೂ ಇಲ್ಲ.

ರೂಪ: ತೆರಿಗೆಯವರೂ ಗೆರೆ ಎಳೆಯುತ್ತಾರೆ

ಕಾರಿನ ಆಕಾರ ಡಿಸೈನರ್ ಒಬ್ಬನ ಕೆಲಸ ಎಂದು ನಾವು ತಿಳಿಯುತ್ತೇವೆ. ಊರಿನ ಡಿಸೈರನ್ನೇ ನೋಡಿ. 2008ರಲ್ಲಿ ಬಂದಾಗ ಅದರ ಉದ್ದ 4,160 ಮಿ.ಮೀ. 2012ರಲ್ಲಿ ಅದು 3,995 ಮಿ.ಮೀ.ಗೆ ಇಳಿಯಿತು, ಡಿಕ್ಕಿ ಕತ್ತರಿಸಿದ ಹಾಗೆ ಕಂಡಿತು. ಕಾರಣ ಇಷ್ಟೇ: 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ಭಾರತದಲ್ಲಿ 2006ರಿಂದ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಈ ಅಂತರ ಇನ್ನೂ ಸ್ಪಷ್ಟ. 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ 1500 ಸಿಸಿ ಮೀರದಿದ್ದರೆ ಜಿಎಸ್‌ಟಿ ಶೇ. 18. ಮೀರಿದರೆ ಶೇ. 40. ಎಲೆಕ್ಟ್ರಿಕ್ ಕಾರಿಗೆ ಶೇ. 5.

ಅಮೆರಿಕದಲ್ಲಿ ಇದರ ಉಲ್ಟಾ. ಇಲ್ಲಿನ ಇಂಧನ ನಿಯಮ 'ಲೈಟ್ ಟ್ರಕ್' ವರ್ಗಕ್ಕೆ ಸಡಿಲ, ಹಲವು ಎಸ್‌ಯುವಿಗಳು ಅದೇ ವರ್ಗದಲ್ಲಿ ಬರುತ್ತವೆ. ಜನರಿಗೂ ಎತ್ತರದ ಗಾಡಿ ಇಷ್ಟ. ಹಾಗಾಗಿ ಸೆಡಾನ್ ಕಡಿಮೆಯಾಗುತ್ತ ಬಂತು. ಫೋರ್ಡ್ ಕಂಪನಿ 2018ರಲ್ಲೇ ಇಲ್ಲಿ ತನ್ನ ಸೆಡಾನ್‌ಗಳನ್ನು ನಿಲ್ಲಿಸುತ್ತೇನೆ ಎಂದು ಹೇಳಿತು. ಹಿಕ್ಸ್‌ವಿಲ್‌ನ ಸೌತ್ ಬ್ರಾಡ್‌ವೇಯಲ್ಲಿ ನಮ್ಮವರ ಕಿರಾಣಿ ಅಂಗಡಿಗಳ ಎದುರು ಶನಿವಾರ ನಿಂತರೆ ಬಹುಪಾಲು ಕಾಣುವುದು ಎಸ್‌ಯುವಿ ಮತ್ತು ಮಿನಿವ್ಯಾನ್.

ರೂಪದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಎದುರಿನ ಗ್ರಿಲ್ ಎಷ್ಟು ದೊಡ್ಡದು ಎಂಬುದಕ್ಕಿಂತ ಮಾಡು ಎಷ್ಟು ಎತ್ತರ ಎಂದು ನೋಡಿ. 2023ರ ಮಾದರಿಯಲ್ಲಿ ಬಂದ ಹೊಸ ಪ್ರಿಯಸ್ ನೋಡಲು ಬಹಳ ಚಂದ, ನಾನೂ ಮರುಳಾಗಿದ್ದೆ. ಹಿಂದಿನ ಸೀಟಿಗೆ ತಲೆ ಬಗ್ಗಿಸಿಯೇ ಹತ್ತಬೇಕು. ಊರಿನಿಂದ ಆರು ತಿಂಗಳಿಗೆ ಬರುವ ಅಮ್ಮನಿಗೆ ಮಂಡಿನೋವು ಇದ್ದರೆ ಆ ಚಂದ ಕೆಲಸಕ್ಕೆ ಬಾರದು. ಅವರಿಗೆ ಜಾರುಬಾಗಿಲಿನ ಮಿನಿವ್ಯಾನೇ ಸುಖ. 20 ಇಂಚಿನ ದೊಡ್ಡ ಅಲಾಯ್ ಚಕ್ರಕ್ಕೂ ಇದೇ ಮಾತು. ಅದರ ಟಯರ್ ತೆಳು, ಬೆಲೆ ಜಾಸ್ತಿ. ಇಲ್ಲಿ ಹಿಮ ಕರಗಿದ ಮೇಲಿನ ಹೊಂಡಕ್ಕೂ, ನಮ್ಮಲ್ಲಿ ಮಳೆಗಾಲದ ಹೊಂಡಕ್ಕೂ ಬೇಗ ಸೋಲುತ್ತದೆ.

ಎಂಜಿನ್: ಒಂದೇ ಉಳಿತಾಯ, ಮೂರು ಬೆಲೆ

ಇಲ್ಲಿ ಹೊಸ ಕಾರುಗಳು ಹೈಬ್ರಿಡ್ ಕಡೆ ವಾಲಿವೆ. ಟೊಯೋಟಾ ಸಿಯೆನ್ನಾ 2021ರ ಮಾದರಿಯಿಂದ, ಕ್ಯಾಮ್ರಿ 2025ರಿಂದ, ರಾವ್4 2026ರಿಂದ ಅಮೆರಿಕದಲ್ಲಿ ಹೈಬ್ರಿಡ್ ಆಗಿಯೇ ಸಿಗುವುದು. 301 ಅಶ್ವಶಕ್ತಿಯ ಹಳೆಯ ವಿ6 ಕ್ಯಾಮ್ರಿ ಹೋಯಿತು. ಈಗಿರುವುದು 2.5 ಲೀಟರ್ ನಾಲ್ಕು ಸಿಲಿಂಡರ್ ಜೊತೆ ಮೋಟರ್, 225 ಅಶ್ವಶಕ್ತಿ, ಮೂಲ ಮಾದರಿಗೆ ಸರಕಾರಿ ಅಳತೆಯಲ್ಲಿ ಗ್ಯಾಲನ್‌ಗೆ 51 ಮೈಲಿ. ನಮ್ಮ ಲೆಕ್ಕಕ್ಕೆ ಲೀಟರಿಗೆ ಸುಮಾರು 21.7 ಕಿ.ಮೀ.

ಹೈಬ್ರಿಡ್‌ಗೆ ಕೊಡುವ ಹೆಚ್ಚಿನ ದುಡ್ಡು ಎಲ್ಲ ಕಡೆ ಒಂದೇ ಸಮ ವಾಪಸ್ ಬರುವುದಿಲ್ಲ. ಇಲ್ಲಿನ ಕುಟುಂಬಗಳು ನೋಡುವ ಎರಡು ಮಿನಿವ್ಯಾನ್ ತೆಗೆದುಕೊಳ್ಳಿ. ಹೈಬ್ರಿಡ್ ಸಿಯೆನ್ನಾ ಗ್ಯಾಲನ್‌ಗೆ 36 ಮೈಲಿ, 3.5 ಲೀಟರ್ ವಿ6ನ ಹೋಂಡಾ ಒಡಿಸ್ಸಿ 22 ಮೈಲಿ. ವರ್ಷಕ್ಕೆ 12,000 ಮೈಲಿ, ಅಂದರೆ ಸುಮಾರು 19,300 ಕಿ.ಮೀ. ಓಡಿಸಿದರೆ ಹೈಬ್ರಿಡ್‌ನಲ್ಲಿ 212 ಗ್ಯಾಲನ್ ಉಳಿತಾಯ. ಲೀಟರಿನಲ್ಲಿ 803.

- ಹಿಕ್ಸ್‌ವಿಲ್: ಗ್ಯಾಲನ್‌ಗೆ 3 ಡಾಲರ್ ಹಿಡಿದರೆ ವರ್ಷಕ್ಕೆ 636 ಡಾಲರ್.
- ಕುವೈತ್: 91 ಆಕ್ಟೇನ್ ಪೆಟ್ರೋಲ್ ಲೀಟರಿಗೆ 85 ಫಿಲ್ಸ್ ಲೆಕ್ಕದಲ್ಲಿ 68 ದಿನಾರ್.
- ಮಂಗಳೂರು: ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೂ 80,000 ರೂಪಾಯಿ.

ಉಳಿದ ಪೆಟ್ರೋಲ್ ಅಷ್ಟೇ, ಬೆಲೆ ಮಾತ್ರ ಮೂರು ತರ. ಊರಿನಲ್ಲಿ ಮೈಲೇಜ್ ಕೇಳಿ ಕಾರು ಕೊಳ್ಳುವುದು ಜಿಪುಣತನ ಅಲ್ಲ, ಸರಿಯಾದ ಲೆಕ್ಕ. ಕುವೈತಿನಲ್ಲಿ ಸಣ್ಣ ಮಾಮೂಲಿ ಪೆಟ್ರೋಲ್ ಎಂಜಿನ್ ತೆಗೆದುಕೊಂಡು, ಮಿಕ್ಕ ದುಡ್ಡನ್ನು ಊರಿಗೆ ಕಳಿಸುವುದೂ ಅಷ್ಟೇ ಸರಿ.

"ಸೆಖೆಗೆ ಹೈಬ್ರಿಡ್ ಬ್ಯಾಟರಿ ಹಾಳಾಗುವುದಿಲ್ಲವಾ" ಎಂದು ಹಲವರು ಕೇಳುತ್ತಾರೆ. ದುಬೈ ಟ್ಯಾಕ್ಸಿಗಳಲ್ಲಿ ಹೈಬ್ರಿಡ್ ಕ್ಯಾಮ್ರಿ ವರ್ಷಗಳಿಂದ ಓಡುತ್ತಿದೆ, ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಒಂದೇ ಎಚ್ಚರ: ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಇದ್ದರೆ ಅದಕ್ಕೆ ಚೀಲ ಅಡ್ಡ ಇಡಬೇಡಿ, ಧೂಳು ಕಟ್ಟಲು ಬಿಡಬೇಡಿ.

ಸಣ್ಣ ಟರ್ಬೊ ಎಂಜಿನ್ ಕೊಳ್ಳುವವರು ಆಯಿಲ್ ವಿಷಯದಲ್ಲಿ ಸೋಮಾರಿಗಳಾಗಬಾರದು. ಚಳಿ ದೇಶದಲ್ಲಿ ಐದು ನಿಮಿಷದ ಓಡಾಟವೇ ಆದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಆಯಿಲ್‌ಗೆ ಸೇರಬಹುದು. ಗಲ್ಫ್‌ನಲ್ಲಿ ಸೆಖೆ ಮತ್ತು ಧೂಳು. ಕಂಪನಿಯ ಪುಸ್ತಕದಲ್ಲಿ 'ಕಠಿಣ ಬಳಕೆ' ಎಂದು ಬೇರೆ ಸರ್ವಿಸ್ ಪಟ್ಟಿ ಇದ್ದರೆ ಗಲ್ಫ್‌ನವರು ಅದನ್ನೇ ಅನುಸರಿಸಬೇಕು.

ಎಲೆಕ್ಟ್ರಿಕ್ ಬಗ್ಗೆ ಒಂದೇ ಪ್ರಶ್ನೆ: ರಾತ್ರಿ ಎಲ್ಲಿ ಚಾರ್ಜ್ ಮಾಡುತ್ತೀರಿ? ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಇದ್ದರೆ ಸರಿ. ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದ ಫ್ಲ್ಯಾಟಿನಲ್ಲಿ ಇದ್ದು ಪಾರ್ಕಿಂಗ್‌ಗೆ ದಿನಾ ಮೂರು ಸುತ್ತು ಹೊಡೆಯುವವರಿಗೆ ಅದು ತಲೆಬಿಸಿ.

ಸೌಲಭ್ಯ: ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಹಿಕ್ಸ್‌ವಿಲ್‌ನಲ್ಲಿ ಜನವರಿ ಬೆಳಿಗ್ಗೆ ಬಿಸಿಯಾಗುವ ಸೀಟು, ಬಿಸಿಯಾಗುವ ಸ್ಟೀರಿಂಗ್ ಐಷಾರಾಮ ಅಲ್ಲ. ದಮ್ಮಾಮ್‌ನಲ್ಲಿ ಅದೇ ಸ್ವಿಚ್ ಇದ್ದೂ ದಂಡ. ಅಲ್ಲಿ ಬೇಕಾದದ್ದು ಗಾಳಿಯಾಡುವ ಸೀಟು, ಹಿಂದಿನವರಿಗೂ ಎಸಿ ಕಿಂಡಿ, ತಿಳಿ ಬಣ್ಣದ ಒಳಭಾಗ. ಪೂರ್ತಿ ಗಾಜಿನ ಮಾಡು ಫೋಟೋದಲ್ಲಿ ಚಂದ. ಜುಲೈಯಲ್ಲಿ ಮಧ್ಯಾಹ್ನ ನಿಲ್ಲಿಸಿ ಬಂದು ಕೂತರೆ ಅದರ ಬೆಲೆ ಗೊತ್ತಾಗುತ್ತದೆ.

ದೊಡ್ಡ ಟಚ್ ಸ್ಕ್ರೀನ್ ಬಗ್ಗೆ ನನಗೆ ಮೊದಲಿಂದಲೂ ತಕರಾರು. ಎಸಿ ಕಡಿಮೆ ಮಾಡಲು ರಸ್ತೆಯಿಂದ ಕಣ್ಣು ತೆಗೆಯಬೇಕಾದರೆ ಅದೆಂಥ ಸೌಲಭ್ಯ? ಯುರೋಪಿನ ಸುರಕ್ಷತಾ ಪರೀಕ್ಷೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಅಪಾಯ ದೀಪ, ವೈಪರ್, ಹಾರ್ನ್, ತುರ್ತು ಕರೆ ಇವುಗಳಿಗೆ ಕೈಗೆ ಸಿಗುವ ಬಟನ್ ಅಥವಾ ಕಡ್ಡಿ ಇರಬೇಕೆಂದು ಕೇಳುತ್ತಿದೆ. ಟೆಸ್ಟ್ ಡ್ರೈವ್‌ನಲ್ಲಿ ಇದನ್ನೇ ಮಾಡಿ ನೋಡಿ: ಕಣ್ಣು ರಸ್ತೆ ಮೇಲೆ ಇಟ್ಟು ಎಸಿ, ವೈಪರ್ ಎರಡೂ ಹಾಕಿ.

ದುಡ್ಡು ಕೊಡಬೇಕಾದ ಸೌಲಭ್ಯ ಯಾವುದೆಂದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ. ಅಮೆರಿಕದಲ್ಲಿ ಹಿಂದಿನ ಕ್ಯಾಮರಾ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಕಡ್ಡಾಯ. ತಾನಾಗಿ ಬ್ರೇಕ್ ಹಾಕುವುದನ್ನು 2029ರ ಸೆಪ್ಟೆಂಬರ್‌ನಿಂದ ಕಡ್ಡಾಯ ಮಾಡುವ ನಿಯಮ 2024ರಲ್ಲಿ ಬಂದಿದೆ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಮನೆಗೆ ಗಾಡಿ ಓಡಿಸುವವನಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಇಲ್ಲ.

'ಅಮೆರಿಕನ್ ಸ್ಪೆಕ್' ಎಂದರೆ ಏನು?

ಈಗ ತಮ್ಮನ ಕಾರಿಗೆ ಬರೋಣ. ಗಲ್ಫ್‌ಗೆಂದು ಮಾಡಿದ ಕಾರಿನಲ್ಲಿ ಸಾಮಾನ್ಯವಾಗಿ ರೇಡಿಯೇಟರ್, ಎಸಿ ಎರಡೂ ಅಲ್ಲಿನ ಸೆಖೆಗೆ ತಕ್ಕಂತೆ ಇರುತ್ತವೆ. ಅಮೆರಿಕದ ಕಾರು ಇಲ್ಲಿನ ಹವೆಗೆ ಮಾಡಿದ್ದು. ಸ್ಪೀಡೋಮೀಟರ್‌ನಲ್ಲಿ ಮೈಲಿ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಎಫ್‌ಎಂ ಸ್ಟೇಷನ್‌ಗಳು 101.5, 101.7 ಹೀಗೆ ಬೆಸ ಅಂಕೆಯಲ್ಲಿ ಮುಗಿಯುವುದರಿಂದ ಅಲ್ಲಿನ ಕೆಲವು ರೇಡಿಯೋಗಳಲ್ಲಿ ದುಬೈಯ 101.6ರ ಹಿಂದಿ ಸ್ಟೇಷನ್ ಸರಿಯಾಗಿ ಹಿಡಿಯುವುದೇ ಇಲ್ಲ. ಇವು ಸಣ್ಣ ವಿಷಯ. ದೊಡ್ಡ ವಿಷಯ ವಾರಂಟಿ: ಅಮೆರಿಕದ ವಾರಂಟಿಯನ್ನು ಗಲ್ಫ್ ಡೀಲರ್ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಅದಕ್ಕಿಂತ ದೊಡ್ಡದು, ಆ ಕಾರು ಅಮೆರಿಕ ಬಿಟ್ಟದ್ದು ಯಾಕೆ ಎಂಬ ಪ್ರಶ್ನೆ. ಹೊಸದರಂಥ ಕಾರನ್ನು ಹಡಗಿಗೆ ಹಾಕಿ ಕಳಿಸಿಯೂ ಅಗ್ಗಕ್ಕೆ ಮಾರಲು ಆಗುವುದು ಹೇಗೆ? ಹಲವು ಸಲ ಅದು ಅಪಘಾತ ಅಥವಾ ನೆರೆಯಲ್ಲಿ ಕೆಟ್ಟು, ವಿಮೆಯವರು ಪೂರ್ತಿ ದುಡ್ಡು ಕೊಟ್ಟು ಹರಾಜಿಗೆ ಹಾಕಿದ ಕಾರು. ಇಲ್ಲಿ ಅದಕ್ಕೆ 'ಸಾಲ್ವೇಜ್' ಎಂದು ದಾಖಲೆ ಬೀಳುತ್ತದೆ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಈ ದ್ವೀಪಕ್ಕೆ ಬಡಿದಾಗ ಸಮುದ್ರದ ನೀರು ಕುಡಿದ ಸಾವಿರಾರು ಕಾರುಗಳನ್ನು ಹಿಕ್ಸ್‌ವಿಲ್‌ನಿಂದ ಪೂರ್ವಕ್ಕಿರುವ ಕ್ಯಾಲ್ವರ್ಟನ್‌ನ ಹಳೆಯ ವಿಮಾನ ಓಡುದಾರಿ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಉಪ್ಪುನೀರು ವಯರ್ ಒಳಗೆ ಹೋದರೆ ತೊಳೆದರೂ ಹೋಗದು. ತಿಂಗಳುಗಳ ನಂತರ ಏರ್‌ಬ್ಯಾಗ್ ದೀಪ, ಗೇರ್, ಸ್ಟೀರಿಂಗ್ ಒಂದೊಂದಾಗಿ ಕೈಕೊಡುತ್ತವೆ. ಗಲ್ಫ್‌ನಲ್ಲೂ ನೆರೆ ಕಾರುಗಳಿವೆ: 2024ರ ಏಪ್ರಿಲ್ 16ರ ಯುಎಇ ಮಳೆ ನಿಮಗೇ ಗೊತ್ತು, ಅಲ್ ಐನ್‌ನ ಒಂದು ಕಡೆ ಒಂದೇ ದಿನದೊಳಗೆ 254.8 ಮಿ.ಮೀ. ಸುರಿದಿತ್ತು.

ತಮ್ಮನಿಗೆ ಚಾಸಿಸ್ ನಂಬರ್ ಕೇಳು ಎಂದೆ. ಮಾರುವವರು ಎರಡು ದಿನ ಸತಾಯಿಸಿ ಕೊಟ್ಟರು. ಇಲ್ಲಿ ಹಾಕಿ ನೋಡಿದರೆ ಹತ್ತು ತಿಂಗಳ ಹಿಂದೆಯೇ ಸಾಲ್ವೇಜ್, ಕಾರಣ ನೆರೆ.

ದುಡ್ಡು ಕೊಡುವ ಮೊದಲು

1. 17 ಅಂಕೆ–ಅಕ್ಷರದ ಚಾಸಿಸ್ ನಂಬರ್ ಕೇಳಿ. ಮೊದಲ ಅಂಕೆ 1, 4 ಅಥವಾ 5 ಇದ್ದರೆ ಅಮೆರಿಕದಲ್ಲಿ ತಯಾರಾದದ್ದು, 2 ಕೆನಡಾ, 3 ಮೆಕ್ಸಿಕೊ, 'ಜೆ' ಜಪಾನ್, 'ಕೆ' ಕೊರಿಯಾ, 'ಎಂಎ'ಯಿಂದ 'ಎಂಇ'ವರೆಗೆ ಭಾರತ. ಅಮೆರಿಕದ ಕಾರಿನಲ್ಲಿ ಹತ್ತನೆಯ ಅಕ್ಷರ ಮಾದರಿ ವರ್ಷ: 'ಆರ್' 2024, 'ಎಸ್' 2025.

2. ಅಮೆರಿಕದ ವಿಮಾ ಅಪರಾಧ ಬ್ಯೂರೊದ 'ವಿನ್‌ಚೆಕ್' ಉಚಿತ. ಇಲ್ಲಿರುವ ನೆಂಟರಿಗೆ ನಂಬರ್ ಕಳಿಸಿ, ಐದು ನಿಮಿಷದ ಕೆಲಸ. ಯುಎಇಯಲ್ಲಿ ಆದ ಅಪಘಾತಕ್ಕೆ 'ಎಮಿರೇಟ್ಸ್ ವೆಹಿಕಲ್ ಗೇಟ್' ನೋಡಿ.

3. ಟಯರ್ ಬದಿಯ ನಾಲ್ಕು ಅಂಕೆ ಓದಿ. 2423 ಎಂದರೆ 2023ರ 24ನೇ ವಾರ. ಕಾರು ಹೊಸದು, ಟಯರ್ ಹಳೆಯದು ಆದರೆ ಯಾಕೆಂದು ಕೇಳಿ.

4. ಸೀಟ್‌ಬೆಲ್ಟ್ ಪೂರ್ತಿ ಎಳೆದು ಕೆಸರಿನ ಗೆರೆ ನೋಡಿ, ಡಿಕ್ಕಿಯ ಚಾಪೆ ಎತ್ತಿ ಮೂಸಿ ನೋಡಿ.

5. ಊರಲ್ಲಿ ಕೊಳ್ಳುವವರು ಶೋರೂಮ್ ಬೆಲೆ ನೋಡಿ ನಿಲ್ಲಬೇಡಿ. ಕರ್ನಾಟಕದ ಆಜೀವ ತೆರಿಗೆ 10ರಿಂದ 20 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 17, ಅದಕ್ಕೂ ಮೇಲೆ ಶೇ. 18, ಜೊತೆಗೆ ಸೆಸ್.

6. ಹಿಕ್ಸ್‌ವಿಲ್ ಇರುವ ನಾಸೌ ಕೌಂಟಿಯಲ್ಲಿ ಮಾರಾಟ ತೆರಿಗೆ ಶೇ. 8.625, ಅಂದರೆ 35,000 ಡಾಲರ್ ಕಾರಿಗೆ 3,019 ಡಾಲರ್. ಎಲೆಕ್ಟ್ರಿಕ್ ಕಾರಿನ 7,500 ಡಾಲರ್ ಕೇಂದ್ರ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆದರೆ ಅಮೆರಿಕದಲ್ಲಿ ಜೋಡಣೆಯಾದ ಹೊಸ ಕಾರಿನ ಸಾಲದ ಬಡ್ಡಿಗೆ 2025ರಿಂದ 2028ರವರೆಗೆ ವರ್ಷಕ್ಕೆ 10,000 ಡಾಲರ್ ತನಕ ಆದಾಯ ತೆರಿಗೆಯಲ್ಲಿ ಕಳೆಯಬಹುದು. ಆದಾಯದ ಮಿತಿ ಇದೆ, ಲೀಸ್‌ಗೆ ಸಿಗದು.

ತಮ್ಮ ಆ ಕಾರು ಬಿಟ್ಟ. ಎರಡು ತಿಂಗಳು ಬಸ್ಸಿನಲ್ಲೇ ಓಡಾಡಿ, ಆಮೇಲೆ ಗಲ್ಫ್ ಸ್ಪೆಕ್‌ನ ಸಣ್ಣ ಕಾರು ತೆಗೆದುಕೊಂಡ. ಗಾಜಿನ ಮಾಡು ಇಲ್ಲ, ದೊಡ್ಡ ಸ್ಕ್ರೀನ್ ಇಲ್ಲ, ಆದರೆ ಎಸಿ ಗಟ್ಟಿ, ವಾರಂಟಿ ಇದೆ. ಮಾಳಿಗೆಗೆ ಇಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನೀವೂ ಫೋಟೋ ನೋಡಿ ಇಷ್ಟಪಡಿ, ತಪ್ಪಿಲ್ಲ. ಚಾಸಿಸ್ ನಂಬರ್ ಕೊಡದವರಿಗೆ ಮುಂಗಡ ಮಾತ್ರ ಕೊಡಬೇಡಿ.